ಗೆರೆ ಎಳೆಯುತ್ತ ತಿಳಿಯಾಗುವ ಮನಸ್ಸು

ನಸುಕಿನಲ್ಲಿ ಅಂಗಳ ಗುಡಿಸಿ, ಸೆಗಣಿ ನೀರು ಚಿಮುಕಿಸಿ, ರಂಗೋಲಿಯ ಬಟ್ಟಲು ಹಿಡಿದು ಕುಳಿತ ತಾಯಿಯನ್ನು ನೋಡದೆ ಬೆಳೆದವರು ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ವಿರಳ. ಆಕೆ ಮೊದಲು ಚುಕ್ಕಿಗಳನ್ನಿಡುತ್ತಾಳೆ. ಸಾಲಿನಿಂದ ಸಾಲಿಗೆ ಏರಿ ಮತ್ತೆ ಇಳಿಯುವ ಆ ಚುಕ್ಕಿಗಳ ಲೆಕ್ಕ ಆಕೆಯ ಬೆರಳಿಗೆ ಗೊತ್ತು. ಬಳಿಕ ಎಳೆ ಹೊರಡುತ್ತದೆ. ಒಂದು ಚುಕ್ಕಿಯನ್ನು ಬಳಸಿ, ಇನ್ನೊಂದನ್ನು ಸುತ್ತಿ, ಹೊರಟಲ್ಲಿಗೇ ಬಂದು ಸೇರುತ್ತದೆ. ಆ ಹತ್ತು ನಿಮಿಷ ಆಕೆಯನ್ನು ಯಾರೂ ಮಾತನಾಡಿಸುವುದಿಲ್ಲ. ಮಾತನಾಡಿಸಿದರೂ ಆಕೆಗೆ ಕೇಳಿಸುವುದಿಲ್ಲ. ಅತ್ತೆಯ ಬಿರುನುಡಿ, ಸಾಲದ ಚಿಂತೆ, ಹಿಂದಿನ ರಾತ್ರಿಯ ಜಗಳ ಯಾವುದೂ ಅಷ್ಟರಲ್ಲಿ ಮಾಯವಾಗಿರುವುದಿಲ್ಲ. ಆದರೂ ರಂಗೋಲಿ ಮುಗಿಸಿ ಎದ್ದವಳ ಮುಖ ಕುಳಿತಾಗಿನ ಮುಖವಾಗಿರುವುದಿಲ್ಲ.

ಆರೋಗ್ಯದ ಪುಟದಲ್ಲಿ ರಂಗೋಲಿಯ ಮಾತೇಕೆ ಎಂದು ವಾಚಕರು ಕೇಳಬಹುದು. ವೈದ್ಯನಾಗಿ ನಾನು ಕಂಡ ಸಂಗತಿ ಇದಕ್ಕೆ ಕಾರಣ. ಎದೆ ಹಿಡಿದಂತಾಗುತ್ತದೆ, ಹೊಟ್ಟೆ ಉರಿಯುತ್ತದೆ, ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ ಎಂದು ಬರುವವರಿಗೆ ಮೊದಲು ಮಾಡಬೇಕಾದ ಪರೀಕ್ಷೆಗಳನ್ನು ಮಾಡಲೇಬೇಕು. ಇಸಿಜಿ, ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ಎಲ್ಲವೂ ಸರಿಯಾಗಿವೆ ಎಂದು ತಿಳಿದ ಮೇಲೆ 'ಮನೆಯಲ್ಲಿ ಹೇಗಿದ್ದೀರಿ?' ಎಂದು ಕೇಳಿದರೆ ಅನೇಕರ ಕಣ್ಣು ತೇವವಾಗುತ್ತವೆ. ಬೆಂಗಳೂರು ಸೇರಿ ಫೋನು ಮಾಡದ ಮಗ, ತವರು ಮರೆತಳೆಂದು ಮುನಿದ ತಮ್ಮ, ಮಾತು ಬಿಟ್ಟ ಸೊಸೆ. ಇವುಗಳಿಗೆ ಗುಳಿಗೆ ಬರೆಯಬಹುದು, ಕೆಲವೊಮ್ಮೆ ಬರೆಯಲೂಬೇಕು. ಆದರೆ ಗುಳಿಗೆಗೆ ಆ ಸಂಬಂಧದ ಹೆಸರು ತಿಳಿದಿರುವುದಿಲ್ಲ.

ನನ್ನದೇ ಕಥೆಯನ್ನು ಹೇಳದೆ ಮುಂದುವರಿದರೆ ಉಪದೇಶವಾದೀತು. ಅಡಿಕೆ ತೋಟದ ಪಾಲಿನ ವಿಷಯದಲ್ಲಿ ನನಗೂ ನನ್ನ ಅಣ್ಣನಿಗೂ ಮನಸ್ತಾಪ ಬಂದು ಆರು ವರ್ಷ ಮಾತು ನಿಂತಿತ್ತು. ಮಾತು ಮತ್ತೆ ಮೊದಲಾಗುವ ಮುನ್ನವೇ ಅವನು ಲಿಂಗೈಕ್ಯನಾದ. ಕ್ರಿಯಾಸಮಾಧಿಗೆ ಹೋದೆ, ಮಣ್ಣು ಹಾಕಿದೆ, ಬಂದೆ. ಅಳು ಬರಲಿಲ್ಲ. ಅದರ ಬದಲು ನಿದ್ರೆ ಹೋಯಿತು. ಚಿಕಿತ್ಸಾಲಯದಲ್ಲಿ ರೋಗಿಗಳಿಲ್ಲದ ಹೊತ್ತು ಔಷಧಿ ಚೀಟಿಯ ಹಿಂಬದಿಯಲ್ಲಿ ಸುಮ್ಮನೆ ಗೆರೆಗಳನ್ನೆಳೆಯತೊಡಗಿದೆ. ಕೆಲವು ದಿನಗಳ ಬಳಿಕ ಗಮನಿಸಿದೆ: ಆ ಗೆರೆಗಳು ನನ್ನ ತಾಯಿಯ ಚುಕ್ಕಿ ರಂಗೋಲಿಯ ಗೆರೆಗಳೇ ಆಗಿದ್ದವು. ಎಳೆಯುತ್ತಿರುವಷ್ಟು ಹೊತ್ತು ಎದೆಯ ಬಿಗಿತ ಸಡಿಲವಾಗಿರುತ್ತಿತ್ತು. ಈ ವಿಷಯದಲ್ಲಿ ಓದತೊಡಗಿದ್ದು ಆ ಬಳಿಕ.

ಕಾಗದದ ಮೇಲೆ ಲೇಖನಿಯಿಂದ ಒಂದೇ ಬಗೆಯ ಸಣ್ಣ ಗೆರೆಗಳನ್ನು ಪುನಃ ಪುನಃ ಎಳೆದು ವಿನ್ಯಾಸ ತುಂಬುವ ಅಭ್ಯಾಸ ಇಂದು ಜಗತ್ತಿನ ಅನೇಕ ಕಡೆ ಇದೆ. ಅಮೆರಿಕದ ರಿಕ್ ರಾಬರ್ಟ್ಸ್ ಮತ್ತು ಮರಿಯಾ ಥಾಮಸ್ ದಂಪತಿಗಳು ಇದಕ್ಕೊಂದು ಕ್ರಮ ಕಲ್ಪಿಸಿ 'ಝೆಂಟ್ಯಾಂಗಲ್' ಎಂದು ಹೆಸರಿಟ್ಟು ನೋಂದಾಯಿಸಿದ್ದಾರೆ. ಮರಿಯಾ ಅಕ್ಷರ ಬರೆಯುವ ಕಲಾವಿದೆ. ರಾಬರ್ಟ್ಸ್ ಅನೇಕ ವರ್ಷ ಸನ್ಯಾಸಿಯಾಗಿದ್ದವರು. ಒಂದು ಬರಹದ ಹಿನ್ನೆಲೆಗೆ ವಿನ್ಯಾಸ ತುಂಬುತ್ತಿದ್ದಾಗ ಹೊತ್ತು ಹೋದದ್ದು ತಿಳಿಯಲಿಲ್ಲ, ಚಿಂತೆ ಇರಲಿಲ್ಲ ಎಂದು ಆಕೆ ಹೇಳಿದರು; ನೀನು ಹೇಳುತ್ತಿರುವುದು ಧ್ಯಾನದ ಲಕ್ಷಣವನ್ನೇ ಎಂದು ಆತ ಗುರುತಿಸಿದರು. ಮೂರೂವರೆ ಅಂಗುಲದ ಚೌಕ ಕಾಗದ, ಕಪ್ಪು ಲೇಖನಿ, ಅಳಿಸುವ ರಬ್ಬರಿಲ್ಲ. ಅವರ ಪದ್ಧತಿಯ ಸಾಮಗ್ರಿ ಬಹುಮಟ್ಟಿಗೆ ಇಷ್ಟೇ.

ನಮಗೆ ಇದು ಹೊಸದೆನಿಸಬೇಕಾಗಿಲ್ಲ. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಕಡೆಯ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚ ಹಿಡಿದು ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುತ್ತಾರೆ. ಕೂದಲೆಳೆಯಂಥ ಗೆರೆಗಳು ನೂರಾರು ಸಲ ಅಕ್ಕಪಕ್ಕ ಬರಬೇಕು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸೇವಾಲಾಲ್ ಮಹಾರಾಜರ ಜನ್ಮಸ್ಥಳವೆಂದು ಬಂಜಾರ ಬಂಧುಗಳಿಗೆ ಪವಿತ್ರವಾದುದು. ಅಲ್ಲಿಗೆ ಬರುವ ಹಿರಿಯ ಹೆಂಗಸರ ಉಡುಗೆಯ ಮೇಲೆ ಒಂದೊಂದು ಕನ್ನಡಿಯ ಸುತ್ತ ಹಾಕಿದ ಹೊಲಿಗೆಯನ್ನು ಕಂಡವರಿಗೆ ಪುನರಾವರ್ತನೆಯ ಸೊಗಸು ಏನೆಂದು ಬೇರೆ ಹೇಳಬೇಕಿಲ್ಲ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳುಂಟು. ಅವುಗಳಲ್ಲಿ ಗವಂತಿ ನನಗೆ ಬಹಳ ಹಿಡಿಸಿದುದು. ಸೂಜಿ ಮುಂದಕ್ಕೆ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ತೆರಪು ಬಿಡುತ್ತದೆ; ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ತೆರಪುಗಳನ್ನು ತುಂಬುತ್ತ ಬರುತ್ತದೆ. ಬಟ್ಟೆಯ ಎರಡು ಬದಿಯೂ ಒಂದೇ ತೆರನಾಗಿ ಕಾಣುತ್ತದೆ.

ಇದರಿಂದ ದೇಹದಲ್ಲಿ ನಡೆಯುವುದೇನು? ಉಸಿರನ್ನು ಒಳಗೆಳೆಯುವಾಗ ಹೃದಯದ ಬಡಿತ ತುಸು ಬಿರುಸಾಗುತ್ತದೆ. ಹೊರಬಿಡುವಾಗ ವೇಗಸ್ ಎಂಬ ನರದ ಪ್ರಭಾವದಿಂದ ನಿಧಾನವಾಗುತ್ತದೆ. ಸೂಕ್ಷ್ಮವಾದ ಗೆರೆಯನ್ನು ಎಳೆಯುವವರು ತಮಗೆ ಅರಿವಿಲ್ಲದೆಯೇ ಉಸಿರನ್ನು ಮೆಲ್ಲನೆ ಬಿಡುವುದುಂಟು. ಜೊತೆಗೆ, ಮುಂದಿನ ಗೆರೆಯನ್ನು ಎಲ್ಲಿಡಬೇಕೆಂದು ಕಣ್ಣು ಮತ್ತು ಕೈ ನಿರ್ಧರಿಸುತ್ತಿರುವಾಗ ಹಳೆಯ ಮಾತನ್ನೇ ಮೆಲುಕು ಹಾಕಲು ಬುದ್ಧಿಗೆ ಬಿಡುವು ಕಡಿಮೆ.

ಸಂಶೋಧನೆಗಳೂ ಕೆಲವು ನಡೆದಿವೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಮಂದಿ ವಯಸ್ಕರು 45 ನಿಮಿಷ ತಮಗೆ ಬೇಕಾದ ಚಿತ್ರ, ಮಣ್ಣಿನ ಕೆಲಸ ಅಥವಾ ಕಾಗದ ಅಂಟಿಸುವ ಕೆಲಸ ಮಾಡಿದರು. ಮೊದಲೂ ಕೊನೆಯೂ ಜೊಲ್ಲು ಪರೀಕ್ಷಿಸಿದಾಗ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ರಸದೂತವಾದ ಕಾರ್ಟಿಸಾಲ್ ತಗ್ಗಿತ್ತು. ಚಿತ್ರ ಬರೆದು ಅಭ್ಯಾಸವಿದ್ದವರು, ಇಲ್ಲದವರು ಎಂಬ ಭೇದ ಅಲ್ಲಿ ಕಾಣಲಿಲ್ಲ. ಉಳಿದವರಲ್ಲಿ ತಗ್ಗಲಿಲ್ಲ, ಕೆಲವರಲ್ಲಿ ಏರಿತು ಎಂಬುದನ್ನೂ ಮರೆಯಬಾರದು. ಕೆಲಸ ಮಾಡದೆ ಸುಮ್ಮನೆ ಕುಳಿತವರೊಂದಿಗೆ ಹೋಲಿಕೆಯನ್ನೂ ಅಲ್ಲಿ ಮಾಡಿರಲಿಲ್ಲ. ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಕರ್ರಿ ಮತ್ತು ಕ್ಯಾಸರ್ ಎಂಬುವರ 2005ರ ಪ್ರಯೋಗ. 84 ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಮಂಡಲದ ಚಿತ್ರ, ಕೆಲವರಿಗೆ ಅಡ್ಡಗೆರೆ ಉದ್ದಗೆರೆಗಳ ಚೌಕುಳಿ ವಿನ್ಯಾಸ, ಕೆಲವರಿಗೆ ಬರಿಯ ಖಾಲಿ ಹಾಳೆ ಕೊಟ್ಟು ಬಣ್ಣ ತುಂಬಲು ಹೇಳಿದರು. ಮಂಡಲದವರಿಗೂ ಚೌಕುಳಿಯವರಿಗೂ ಕಳವಳ ತಗ್ಗಿತು. ಖಾಲಿ ಹಾಳೆಯವರಿಗೆ ಅಂಥ ಇಳಿಕೆ ಕಾಣಲಿಲ್ಲ. ಕಲಕಿದ ಮನಸ್ಸಿನ ಮುಂದೆ ಖಾಲಿ ಹಾಳೆ ಇಟ್ಟು 'ಏನಾದರೂ ಬರೆ' ಎನ್ನುವುದಕ್ಕಿಂತ ಒಂದು ಕಟ್ಟು ಕೊಡುವುದು ಲೇಸು. ಚುಕ್ಕಿ ಇಟ್ಟ ಮೇಲೆಯೇ ಎಳೆ ಎಳೆಯುತ್ತಿದ್ದ ನಮ್ಮ ತಾಯಂದಿರಿಗೆ ಇದು ಪ್ರಯೋಗವಿಲ್ಲದೆಯೇ ತಿಳಿದಿತ್ತು.

ಇನ್ನು ಮಾಡುವ ಬಗೆ. ಅಂಗೈಯಗಲದ ಚೌಕ ಕಾಗದ ಸಾಕು. ಲಗ್ನಪತ್ರಿಕೆಗಳ ಖಾಲಿ ಹಿಂಬದಿ ಗಟ್ಟಿಯಾಗಿಯೂ ನುಣುಪಾಗಿಯೂ ಇರುವುದರಿಂದ ಇದಕ್ಕೆ ಬಲು ಯೋಗ್ಯ. ಪ್ರತಿ ಮನೆಯಲ್ಲಿಯೂ ಒಂದು ಕಟ್ಟು ಬಿದ್ದಿರುತ್ತದೆ. ದೇವರ ಪಟ ಅಚ್ಚಾದ ಬದಿಯನ್ನು ಮಾತ್ರ ಬಿಡಿರಿ. ಕಪ್ಪು ಶಾಯಿಯ ಯಾವುದೇ ಪೆನ್ನು, ಒಂದು ಪೆನ್ಸಿಲು. ಅಡಿಕೋಲು ಬೇಡ. ರಬ್ಬರು ಬೇಡವೇ ಬೇಡ. ತಪ್ಪಿದ ಗೆರೆಯನ್ನು ಅಳಿಸದೆ ಮುಂದಿನ ಗೆರೆಯೊಳಗೆ ಸೇರಿಸಿಕೊಳ್ಳುವುದು ಈ ಅಭ್ಯಾಸದ ಜೀವ. ನೆಲದ ಮೇಲೆ ಬರೆಯುವ ಹಲಗೆಯೊಡನೆ ಕುಳಿತರೂ ಸರಿ, ಮಂಡಿ ನೋವಿರುವವರು ಮೇಜಿನ ಮುಂದೆ ಕುಳಿತರೂ ಸರಿ. ಕತ್ತು ತೀರ ಬಾಗದಿರಲಿ. ಬಲಗೈಯವರಿಗೆ ಎಡದಿಂದ ಬೆಳಕು ಬಂದರೆ ಕೈಯ ನೆರಳು ಅಡ್ಡವಾಗದು. ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ. ಇದು ಸಣ್ಣ ಮಾತೆಂದು ತೋರಿದರೂ ಅರ್ಧ ಫಲ ಇದರಲ್ಲಿದೆ.

ಮೂರು ಬಾರಿ ನಿಧಾನವಾಗಿ ಉಸಿರಾಡಿ, ಈ ಹೊತ್ತು ಮನಸ್ಸಿನಲ್ಲಿರುವ ಭಾವಕ್ಕೆ ಒಳಗೊಳಗೇ ಒಂದು ಹೆಸರಿಡಿ: ಸಿಟ್ಟು, ಅಂಜಿಕೆ, ನಾಚಿಕೆ, ನೆನಪು. ಬಳಿಕ ಕಾಗದದ ನಾಲ್ಕು ಮೂಲೆಗೆ ಪೆನ್ಸಿಲಿನಿಂದ ನಾಲ್ಕು ಚುಕ್ಕಿ. ಅವುಗಳನ್ನು ಕೂಡಿಸಿದರೆ ಅಂಗಳದಂತೆ ಒಂದು ಎಲ್ಲೆ ಆಗುತ್ತದೆ, ನೇರವಾಗಿರಬೇಕೆಂದಿಲ್ಲ. ಒಳಗೆ ಪೆನ್ಸಿಲಿನಿಂದಲೇ ಒಂದು ತೆಳುವಾದ ಎಳೆಯನ್ನು ಮನಬಂದಂತೆ ಹರಿಯಬಿಡಿ. ಅದು ಅಂಗಳವನ್ನು ನಾಲ್ಕೈದು ಕಂಡಗಳಾಗಿ ವಿಂಗಡಿಸುತ್ತದೆ. ಈಗ ಪೆನ್ನು ಹಿಡಿದು ಒಂದೊಂದು ಕಂಡದಲ್ಲಿ ಒಂದೊಂದು ಬಗೆಯ ಗೆರೆಯನ್ನು ತುಂಬುತ್ತ ಹೋಗಿ, ಅವಸರವಿಲ್ಲದೆ, ಕಾಗದವನ್ನು ಕೈಗೆ ಅನುಕೂಲವಾಗುವಂತೆ ತಿರುಗಿಸಿಕೊಳ್ಳುತ್ತ. ಮುಗಿದ ಮೇಲೆ ಗೆರೆಗಳ ಅಂಚಿಗೆ ಪೆನ್ಸಿಲು ಸವರಿ ಬೆರಳಿನಿಂದ ಉಜ್ಜಿದರೆ ನೆರಳು ಬಿದ್ದಂತಾಗಿ ಚಿತ್ರ ಏಳುತ್ತದೆ. ಹಿಂಬದಿಯಲ್ಲಿ ದಿನಾಂಕ, ಸ್ಥಳವಿದ್ದರೆ ಒಂದು ಸಾಲು. ಇಪ್ಪತ್ತು ನಿಮಿಷ ಮೀರಬೇಕಾಗಿಲ್ಲ.

ತುಂಬಲು ಗೆರೆಗಳನ್ನು ಪುಸ್ತಕದಲ್ಲಿ ಹುಡುಕುವುದಕ್ಕಿಂತ ಕಣ್ಣೆದುರಿಗಿರುವುದನ್ನೇ ಆರಿಸಿಕೊಂಡರೆ ಕೈ ಬೇಗ ಒಲಿಯುತ್ತದೆ. ಸಂತೇಬೆನ್ನೂರಿನ ಪುಷ್ಕರಣಿಯನ್ನು ಯಾರು ನೋಡಿಲ್ಲ! ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಆ ಹೊಂಡದ ಮೆಟ್ಟಿಲುಗಳು ನಡುವಿನ ವಸಂತ ಮಂಟಪದ ಕಡೆಗೆ ಇಳಿಯುತ್ತ ಹೋಗುವ ಬಗೆಯನ್ನು ಚೌಕದೊಳಗೆ ಚೌಕವಾಗಿ ಎಳೆದು ನೋಡಿ. ಹೊರಗಿನಿಂದ ಒಳಕ್ಕೆ ಬರುವಷ್ಟರಲ್ಲಿ ಉಸಿರು ತಾನೇ ನಿಧಾನವಾಗಿರುತ್ತದೆ. ಸೂಳೆಕೆರೆಯ ಏರಿಯ ಮೇಲೆ ಗಾಳಿ ಬೀಸುವಾಗ ನೀರಿನಲ್ಲಿ ಏಳುವ ಸಣ್ಣ ಅಲೆಗಳು, ಹೊನ್ನಾಳಿಯ ಬಳಿ ಬೇಸಿಗೆಯ ತುಂಗಭದ್ರೆ ಮರಳಿನ ಮೇಲೆ ಬಿಟ್ಟು ಹೋಗುವ ಬಳುಕು, ಜಗಳೂರಿನ ಹೊಲದ ಮೆಕ್ಕೆಜೋಳದ ತೆನೆಯಲ್ಲಿ ಸಾಲುಗಟ್ಟಿದ ಕಾಳು, ಕೊಯ್ದ ಈರುಳ್ಳಿಯ ಸುತ್ತು, ಅಜ್ಜಿಯ ಕೌದಿಯ ದಾರದ ಸಾಲು ಇವೆಲ್ಲ ಒಳ್ಳೆಯ ಗೆರೆಗಳೇ. ಇಷ್ಟಲಿಂಗವನ್ನು ಬರೆಯಬಹುದೇ ಎಂದು ಒಬ್ಬ ಭಕ್ತರು ಕೇಳಿದರು. ಹರಿದು ಎಸೆಯಬಹುದಾದ ಚೀಟಿಯ ಮೇಲೆ ಬೇಡವೆಂಬುದು ನನ್ನ ಅಭಿಪ್ರಾಯ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಡುವ ಶಿವಯೋಗದ ಸ್ಥಾನ ಬೇರೆ. ಈ ಗೆರೆಗಳು ಆ ಪೀಠಕ್ಕೆ ಕೂರುವ ವಸ್ತುವಲ್ಲ. ಚಂಚಲವಾದ ಮನಸ್ಸನ್ನು ಪೂಜೆಗೆ ಕೂರುವಷ್ಟು ಹದಕ್ಕೆ ತಂದರೆ ಇವುಗಳ ಕೆಲಸ ಆಯಿತು.

ಯಾವ ಭಾವಕ್ಕೆ ಯಾವ ಗೆರೆ ಎಂಬ ಪಟ್ಟಿಯನ್ನು ಕೆಲವರು ಕೇಳುತ್ತಾರೆ. ಸಿಟ್ಟಿಗೆ ಮುಳ್ಳು, ಪ್ರೀತಿಗೆ ಹೂವು ಎಂಬಂಥ ಪಟ್ಟಿಗಳಲ್ಲಿ ನನಗೆ ನಂಬಿಕೆಯಿಲ್ಲ. ಕೆಲವರ ಸಿಟ್ಟು ಬಹಳ ಅಚ್ಚುಕಟ್ಟಾದ ಗೆರೆಯಲ್ಲಿ ಬರುತ್ತದೆ. ಭಾವ ಕೈಗೆ ಇಳಿಯಲಿ, ಕೈ ತನಗೆ ಬೇಕಾದುದನ್ನು ಆರಿಸಿಕೊಳ್ಳಲಿ.

ಸಂಬಂಧಗಳ ವಿಷಯದಲ್ಲಿ ಮಾತ್ರ ಒಂದು ನಿಶ್ಚಿತ ಅಭ್ಯಾಸ ಉಪಯೋಗಕ್ಕೆ ಬಂದಿದೆ. ಮನಸ್ಸಿಗೆ ಭಾರವಾಗಿರುವ ಒಬ್ಬ ವ್ಯಕ್ತಿಯನ್ನು ನೆನೆದು, ಚೌಕದೊಳಗೆ ಒಂದು ಎಳೆಯ ಬದಲು ಎರಡು ಎಳೆಗಳನ್ನು ಎಳೆಯಿರಿ. ಒಂದು ನೀವು, ಇನ್ನೊಂದು ಅವರು. ಎಲ್ಲಿ ಕೂಡಬೇಕು, ಎಲ್ಲಿ ಅಗಲಬೇಕು ಎಂದು ಮೊದಲೇ ಗೊತ್ತುಮಾಡಬೇಡಿ. ಎಳೆದ ಮೇಲೆ ಎರಡರ ನಡುವೆ ಉಳಿದ ಜಾಗವನ್ನು ನೋಡಿ, ಅದನ್ನು ತುಂಬಿರಿ. ಅವರ ತಪ್ಪು ನಿಮ್ಮ ತಪ್ಪುಗಳ ಲೆಕ್ಕ ಅಲ್ಲಿ ಬೇಡ; ಆ ಜಾಗಕ್ಕೆ ಯಾವ ಗೆರೆ ಬರುತ್ತದೋ ಅದು. ಮರುದಿನ ಮತ್ತೊಂದು ಕಾಗದ. ಹತ್ತು ದಿನದ ಕಾಗದಗಳನ್ನು ಸಾಲಾಗಿ ಇಟ್ಟು ನೋಡಿದಾಗ ಒಂದೊಂದರಲ್ಲಿ ಕಾಣದ ಸಂಗತಿ ಕಾಣುವುದುಂಟು.

ಮನೋವಿಜ್ಞಾನಿ ಕಾರ್ಲ್ ಯೂಂಗ್ ಮೊದಲನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ, 1918–19ರಲ್ಲಿ, ಸ್ವಿಟ್ಜರ್ಲೆಂಡಿನ ಶಿಬಿರವೊಂದರಲ್ಲಿ ಅಧಿಕಾರಿಯಾಗಿದ್ದಾಗ ಪ್ರತಿದಿನ ಬೆಳಿಗ್ಗೆ ನೋಟುಪುಸ್ತಕದಲ್ಲಿ ಸಣ್ಣದೊಂದು ವೃತ್ತಾಕಾರದ ಚಿತ್ರ ಬರೆಯುತ್ತಿದ್ದರು. ಒಮ್ಮೆ ಪರಿಚಿತ ಮಹಿಳೆಯೊಬ್ಬರ ಪತ್ರ ಬಂದು ಅವರಿಗೆ ಕಿರಿಕಿರಿಯಾಯಿತು. ಮರುದಿನದ ಚಿತ್ರದಲ್ಲಿ ವೃತ್ತದ ಅಂಚು ಒಂದು ಕಡೆ ಒಡೆದು, ಸಮತೋಲ ಕೆಟ್ಟಿತ್ತು. ತಮ್ಮ ಆತ್ಮವೃತ್ತಾಂತದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಅಷ್ಟು ದೊಡ್ಡ ಪಂಡಿತನ ಕೈಯೂ ಒಂದು ಕಾಗದಕ್ಕೆ ಅಲುಗಿತು ಎಂಬುದು ನನಗೆ ಸಮಾಧಾನ ಕೊಟ್ಟಿತು.

ನನ್ನ ಚೀಟಿಗಳಲ್ಲಿ ಮೊದಮೊದಲು ಎರಡು ಎಳೆಗಳು ಕಾಗದದ ಎರಡು ಅಂಚಿಗೆ ಸರಿದು ನಿಂತಿರುತ್ತಿದ್ದವು. ನಡುವಿನ ಜಾಗವನ್ನು ಬರಿ ಕಪ್ಪು ಬಳಿಯುತ್ತಿದ್ದೆ. ಪೆನ್ನಿನ ಮೊನೆ ಕಾಗದವನ್ನು ಹರಿದದ್ದೂ ಉಂಟು. ಎರಡನೆಯ ವಾರದಲ್ಲಿ ಒಂದು ದಿನ ಆ ಜಾಗದಲ್ಲಿ ಕೈ ತಾನಾಗಿ ಅಡಿಕೆ ಮರದ ಕಾಂಡವನ್ನು ಬರೆಯತೊಡಗಿತು: ಉದ್ದನೆಯ ಎರಡು ಗೆರೆ, ನಡುವೆ ಬಳೆ ಬಳೆಯಾಗಿ ಅಡ್ಡಗೆರೆ. ಸೋಗೆ ಕಳಚಿ ಬಿದ್ದಲ್ಲೆಲ್ಲ ಅಡಿಕೆ ಮರ ಒಂದು ಬಳೆಯ ಗುರುತು ಉಳಿಸಿಕೊಳ್ಳುತ್ತದೆ. ಚಿಕ್ಕವರಾಗಿದ್ದಾಗ ಅಣ್ಣ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಬಳೆಗಳನ್ನು ಎಣಿಸಲು ಕಲಿಸಿದ್ದ. ನೂರರವರೆಗಿನ ಎಣಿಕೆ ನಾನು ಕಲಿತದ್ದು ಶಾಲೆಯಲ್ಲಲ್ಲ, ಆ ತೋಟದಲ್ಲಿ. ಪಾಲಿಗಾಗಿ ಮಾತು ಬಿಟ್ಟದ್ದೂ ಅದೇ ತೋಟಕ್ಕಾಗಿ. ಬಳೆ ಬರೆಯುತ್ತ ಬರೆಯುತ್ತ ಅಳು ಬಂತು. ಹೊರಗೆ ಕಾಯುತ್ತಿದ್ದ ರೋಗಿಗಳನ್ನು ಅಂದು ಕಾಂಪೌಂಡರು ಅರ್ಧ ಗಂಟೆ ತಡೆದು ಕೂರಿಸಿದರು.

ಆ ತಿಂಗಳ ಕೊನೆಗೆ ಅತ್ತಿಗೆಯವರ ಮನೆಗೆ ಹೋದೆ. ಅವರು ಜಗುಲಿಯಲ್ಲಿ ಕುಳಿತು ಕೌದಿ ಹೊಲಿಯುತ್ತಿದ್ದರು. ಅಣ್ಣನ ಹಳೆಯ ಪಂಚೆ, ಅಂಗಿಗಳ ತುಂಡುಗಳು ಅದರಲ್ಲಿದ್ದವು. ಹೆಚ್ಚು ಮಾತಾಗಲಿಲ್ಲ. 'ಬಾ ಮೈದುನ, ಕೂತ್ಕೋ' ಎಂದರು, ಕಾಫಿ ಕೊಟ್ಟರು. ಅವರು ಹಾಕುತ್ತಿದ್ದ ಹೊಲಿಗೆಯೂ ನಾನು ಎಳೆಯುತ್ತಿದ್ದ ಗೆರೆಯೂ ಒಂದೇ ಕೆಲಸ ಮಾಡುತ್ತಿದ್ದವೆಂದು ನನಗೆ ಆಗ ಹೊಳೆಯಿತು. ಅವರಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಪಾಲಿನ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ನಿದ್ರೆ ಬರುತ್ತಿದೆ.

ಎಚ್ಚರಿಕೆಯ ಮಾತುಗಳು ಕೆಲವು ಉಳಿದಿವೆ. ರಕ್ತದೊತ್ತಡಕ್ಕಾಗಲಿ, ಸಕ್ಕರೆಗಾಗಲಿ, ಮನೋರೋಗಕ್ಕಾಗಲಿ ತೆಗೆದುಕೊಳ್ಳುತ್ತಿರುವ ಔಷಧಿಯನ್ನು ಈ ಅಭ್ಯಾಸವನ್ನು ನಂಬಿ ನಿಲ್ಲಿಸಬಾರದು. ಎದೆನೋವಿನೊಂದಿಗೆ ಬೆವರು, ಎಡಗೈಗೆ ಹರಿಯುವ ನೋವು ಇದ್ದರೆ ಪೆನ್ನು ಹುಡುಕದೆ ಆಸ್ಪತ್ರೆಗೆ ಓಡಿರಿ. ಗೆರೆ ಎಳೆದಷ್ಟೂ ಮನಸ್ಸು ಭಾರವಾಗುತ್ತಿದ್ದರೆ, ಹಳೆಯ ಭಯಾನಕ ಘಟನೆ ಮರುಕಳಿಸಿ ಮೈ ನಡುಗಿದರೆ, ಅಲ್ಲಿಗೇ ಬಿಟ್ಟು ಎದ್ದು ನಡೆದಾಡಿ, ಮನೆಯವರೊಡನೆ ಮಾತನಾಡಿ. ಎರಡು ವಾರಕ್ಕಿಂತ ಹೆಚ್ಚು ಕಾಲ ಊಟ, ನಿದ್ರೆ, ಕೆಲಸ ಯಾವುದರಲ್ಲಿಯೂ ಮನಸ್ಸಿಲ್ಲದಿದ್ದರೆ ಅದು ಖಿನ್ನತೆಯಾಗಿರಬಹುದು, ವೈದ್ಯರನ್ನು ಕಾಣಬೇಕು. ಮಳೆ ಕೈಕೊಟ್ಟ ವರ್ಷ, ಬೆಲೆ ಕುಸಿದ ವರ್ಷ ನಮ್ಮ ರೈತ ಕುಟುಂಬಗಳಲ್ಲಿ 'ನಾನಿದ್ದು ಏನು ಪ್ರಯೋಜನ' ಎಂಬ ಮಾತು ಕೇಳಿಬಂದರೆ ಅದನ್ನು ಬೇಸರದ ಮಾತೆಂದು ತಳ್ಳಿಹಾಕಬಾರದು. ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಹಣವಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು.

ಬರೆದ ಕಾಗದಗಳನ್ನು ಇನ್ನೊಬ್ಬರಿಗೆ ತೋರಿಸಲೇಬೇಕೆಂಬ ನಿಯಮವಿಲ್ಲ. ಮಕ್ಕಳು ಬರೆದುದನ್ನು ಕಸಿದು 'ಇದರ ಅರ್ಥವೇನು' ಎಂದು ದೊಡ್ಡವರು ವಿಚಾರಿಸುವುದಂತೂ ಸಲ್ಲದು. ಕೈ ನಡುಗುವ ಹಿರಿಯರಿಗೆ, ಕಣ್ಣು ಮಂಜಾದವರಿಗೆ ಪೆನ್ನು ತೊಡಕಾದರೆ ಅಗಲವಾದ ತಟ್ಟೆಯಲ್ಲಿ ರಾಗಿ ಹಿಟ್ಟನ್ನು ತೆಳುವಾಗಿ ಹರಡಿ ಕೊಡಿ. ಕೈ ತೊಳೆದುಕೊಂಡು ಬೆರಳಿನಿಂದ ಎಳೆಯಲಿ, ತಟ್ಟೆ ಅಲುಗಿಸಿದರೆ ಮತ್ತೆ ಹೊಸ ಹಾಳೆ. ಅದೇ ಹಿಟ್ಟಿನಲ್ಲಿ ಸಂಜೆ ರೊಟ್ಟಿ ತಟ್ಟಲು ಅಡ್ಡಿಯಿಲ್ಲ.